ಗಿಟಾರಿನಲ್ಲಿ ‘ಬಾರ್ ಹಾಕು’ ಅನ್ನುವುದಕ್ಕೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಹೋದ ಭಾನುವಾರ ಗಿಟಾರ್ ಪಾಠ ಮಾಡುತ್ತಾ ಒಬ್ಬ ಹುಡುಗಿಗೆ “ಎರಡನೇ ಬಾರ್‌ನಲ್ಲಿ ಬಾರ್ ಹಾಕು” ಅಂದೆ. ಅವಳು ತಕ್ಷಣ ಎರಡನೇ ಫ್ರೆಟ್ಟಿನ (ಗಿಟಾರಿನ ಕತ್ತಿನ ಮೇಲೆ ಅಡ್ಡಲಾಗಿರುವ ಲೋಹದ ಪಟ್ಟಿ) ಹತ್ತಿರ ತೋರುಬೆರಳನ್ನು ಅಡ್ಡಡ್ಡ ಇಟ್ಟಳು. ನಾನು ಹೇಳಿದ್ದು ತಾಳದ ಲೆಕ್ಕ. ಹಾಡಿನ ಎರಡನೇ ಬಾರ್, ಅಂದರೆ ತಾಳದ ಎರಡನೇ ಸುತ್ತು ಬಂದಾಗ, ನಾಲ್ಕನೇ ಫ್ರೆಟ್ಟಿನಲ್ಲಿ ಬಾರ್ ಹಿಡಿಯಬೇಕಿತ್ತು. ಅವಳದ್ದೇನೂ ತಪ್ಪಿಲ್ಲ. ಇಂಗ್ಲಿಷಿನಲ್ಲಿ ಈ ಎರಡು ಪದಗಳು ಕಿವಿಗೆ ಒಂದೇ ಆದರೂ ಬರೆಯುವಾಗ ಸಾಮಾನ್ಯವಾಗಿ ಬೇರೆ. ಕನ್ನಡದಲ್ಲಿ ಬರೆದರೆ ಕಣ್ಣಿಗೂ ಒಂದೇ ಆಗಿಬಿಡುತ್ತವೆ.

ಗಿಟಾರ್ ಹಿಡಿಯದವರಿಗೆ ಒಂದು ಮಾತು. ಒಂದೇ ಬೆರಳನ್ನು ಅಡ್ಡಲಾಗಿ ಮಲಗಿಸಿ ಆರೂ ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿಯುವುದಕ್ಕೆ ಬಾರ್ ಅನ್ನುತ್ತಾರೆ. ಮೂಲ ಫ್ರೆಂಚ್ ಪದ.

ನಾವು ನುಡಿಸುತ್ತಿದ್ದದ್ದು ಒಂದು ಭಾವಗೀತೆ. ಹಾಡುವವರದು ಒಂದೂವರೆ ಮನೆ ಶ್ರುತಿ. ಹಾರ್ಮೋನಿಯಂನವರು ಇದನ್ನೇ ‘ಕಪ್ಪು ಒಂದು’ ಅನ್ನುತ್ತಾರೆ, ಗಿಟಾರ್ ಪುಸ್ತಕದಲ್ಲಿ ಸಿ ಶಾರ್ಪ್ ಅಥವಾ ಡಿ ಫ್ಲ್ಯಾಟ್. ನಮ್ಮ ಗಂಡು ದನಿಗಳಿಗೆ ಇದು ತೀರಾ ಮಾಮೂಲಿ ಶ್ರುತಿ. ಗಿಟಾರಿಗೆ ಮಾತ್ರ ದೂರದ ನೆಂಟ. ಯಾಕೆ ಅಂದರೆ, ಗಿಟಾರಿನ ಒತ್ತದೆ ಬಿಟ್ಟ ತಂತಿಗಳು ಇ, ಎ, ಡಿ, ಜಿ, ಬಿ, ಇ. ಒಂದೂವರೆ ಮನೆಯಲ್ಲಿ ಶಂಕರಾಭರಣ ರಾಗದ ಏಳು ಸ್ವರ ಹಾಕಿ ನೋಡಿ. ಆ ಏಳರಲ್ಲಿ ಈ ತಂತಿಗಳ ಸ್ವರ ಒಂದೂ ಇಲ್ಲ! ಹಾಗಾಗಿ ಯಾವ ತಂತಿಯನ್ನೂ ಸುಮ್ನೆ ಬಿಡುವ ಹಾಗಿಲ್ಲ. ಸಿ ಶಾರ್ಪ್ ಕಾರ್ಡ್‌ಗೆ (ಕಾರ್ಡ್ ಅಂದರೆ ಕೆಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಹಿಡಿತ) ನಾಲ್ಕನೇ ಫ್ರೆಟ್, ಎಫ್ ಶಾರ್ಪ್‌ಗೆ ಎರಡು, ಜಿ ಶಾರ್ಪ್‌ಗೆ ಮತ್ತೆ ನಾಲ್ಕು, ಎಲ್ಲಾ ಕಡೆ ಬಾರ್. ಒಂದನೇ ಫ್ರೆಟ್ಟಿಗೆ ಕೇಪೋ (ಎಲ್ಲಾ ತಂತಿಗಳನ್ನೂ ಒತ್ತಿ ಹಿಡಿಯುವ ಕ್ಲಿಪ್ಪು) ಕಚ್ಚಿಸಿದರೆ ಸುಲಭ, ನಿಜ. ಆದರೆ ಎಂದಾದರೂ ಬಾರ್ ಕಲಿಯಲೇಬೇಕಲ್ವಾ? ಅದಕ್ಕೆ ಈ ಹಾಡೇ ಒಳ್ಳೆಯದು ಅಂತ ಹಿಡಿದೆ.

ಕಲಿಸುವಾಗಲೇ ಪದದ ಕೊರತೆ ಜಾಸ್ತಿ ಗೊತ್ತಾಗುವುದು. ಹುಡುಗಿ ಬೆರಳನ್ನು ಚಪ್ಪಟೆಯಾಗಿ ಇಟ್ಟಿದ್ದಳು. ಬೆರಳಿನ ಗೆಣ್ಣಿನ ಕೆಳಗೆ ಸಣ್ಣ ಗೆರೆಯ ಹಳ್ಳ ಇರುತ್ತದೆ, ಅದರಲ್ಲಿ ಮೂರನೇ ತಂತಿ ಕೂತುಬಿಟ್ಟಿತ್ತು. ಮೀಟಿದರೆ ‘ಟಪ್’ ಅನ್ನುತ್ತಿತ್ತು, ನಾದ ಇಲ್ಲ. ಬೆರಳನ್ನು ಸ್ವಲ್ಪ ಹೊರಳಿಸಿ, ಹೆಬ್ಬೆರಳಿನ ಕಡೆಯ ಗಟ್ಟಿ ಅಂಚನ್ನು ತಂತಿಗೆ ತಾಗಿಸು, ಫ್ರೆಟ್ಟಿಗೆ ಒತ್ತಾಗಿ ಇಡು ಅಂದೆ. ಆರೂ ತಂತಿ ಒಂದೊಂದಾಗಿ ಮಾತಾಡಿದವು. ಅವಳ ಮುಖ ನೋಡಬೇಕಿತ್ತು. ಆ ಖುಷಿಗೆ ಒಂದು ಒಳ್ಳೆಯ ಕನ್ನಡ ಪದ ಬೇಡವೇ?

ನನಗೆ ಹೊಳೆದದ್ದು ಇಷ್ಟು.

‘ಅಡ್ಡ ಹಾಕು’. ಬಾಯಿಗೆ ತಾನಾಗಿ ಬರುತ್ತದೆ. ಆದರೆ ಅಡ್ಡ ಹಾಕುವುದು ಅಂದರೆ ತಡೆಯುವುದು. ದಾರಿಯಲ್ಲಿ ಗಾಡಿ ಅಡ್ಡ ಹಾಕುತ್ತಾರೆ. ಇಲ್ಲಿ ತಂತಿ ನಿಲ್ಲಬಾರದು, ನುಡಿಯಬೇಕು. ‘ಅಗುಳಿ’ ಪದವೂ ನೆನಪಾಯಿತು, ಬಾಗಿಲಿಗೆ ಅಡ್ಡ ಹಾಕುವ ಮರದ ತುಂಡು. ಆಕಾರಕ್ಕೆ ಚೆನ್ನಾಗಿ ಒಪ್ಪುತ್ತದೆ. ಆದರೆ ಈಗಿನ ಮಕ್ಕಳು ಅಗುಳಿ ನೋಡಿಯೇ ಇಲ್ಲ, ಮತ್ತೆ ಅದರಲ್ಲೂ ಮುಚ್ಚುವ ಅರ್ಥವೇ ಮುಂದೆ.

‘ಅಡ್ಡೊತ್ತು’ ಅಂತ ಸಂಧಿ ಮಾಡಿದರೆ? ಕ್ರಿಯಾಪದವಾಗಿ ಸೊಗಸಾಗಿದೆ: “ನಾಲ್ಕರಲ್ಲಿ ಅಡ್ಡೊತ್ತು”. ನಾಮಪದವಾದಾಗ ತೊಡಕು. ಒತ್ತು ಅಂದರೆ ನಮಗೆ ಒತ್ತಕ್ಷರ ನೆನಪಾಗುತ್ತದೆ. ಓಲಗದವರಿಗಂತೂ ಒತ್ತು ಅಂದರೆ ಶ್ರುತಿ ಹಿಡಿಯುವ ವಾದ್ಯವೇ. ಸಂಗೀತದ ಮಾತಿನೊಳಗೇ ಎರಡು ಅರ್ಥ ಸೇರಿಕೊಳ್ಳುತ್ತದೆ, ಮತ್ತೆ ಬಾರ್ ಕಥೆಯೇ.

ಬೇರೆ ನುಡಿಯವರು ಏನು ಮಾಡಿದ್ದಾರೆ ನೋಡಿ. ಸ್ಪ್ಯಾನಿಷ್‌ನಲ್ಲಿ ಇದಕ್ಕೆ ‘ಸೆಹಾ’ ಅನ್ನುತ್ತಾರೆ, ಹುಬ್ಬು ಅಂತ ಅರ್ಥ. ಪೋರ್ಚುಗೀಸರದ್ದು ‘ಪೆಸ್ತಾನಾ’, ಅಂದರೆ ಕಣ್ಣಿನ ರೆಪ್ಪೆಗೂದಲು. ಅಕ್ಕಪಕ್ಕದ ಎರಡು ದೇಶಗಳು ಒಂದೇ ಕಣ್ಣಿನ ಮೇಲೆ ಕೆಳಗೆ ಹೆಸರು ಹುಡುಕಿವೆ. ನನಗೆ ಇದು ತುಂಬಾ ಇಷ್ಟವಾಯಿತು. ಶಾಸ್ತ್ರೀಯ ಗಿಟಾರಿನ ಸ್ವರಲಿಪಿಯಲ್ಲಿ ರೋಮನ್ ಅಂಕಿಯ ಹಿಂದೆ ಬರುವ ‘ಸಿ’ ಈ ಸೆಹಾದ ಮೊದಲಕ್ಷರವೇ. ಅದು ಸಿ ಕಾರ್ಡ್ ಅಲ್ಲ ಅಂತ ಮಕ್ಕಳಿಗೆ ಪ್ರತಿಸಲ ಹೇಳಬೇಕಾಗುತ್ತದೆ.

ಹುಬ್ಬನ್ನು ನಾವು ಕಡ ತರಬೇಕಿಲ್ಲ. ನನ್ನ ಒಲವು ‘ಅಡ್ಡಬೆರಳು’ ಕಡೆಗಿದೆ. ಯಾರಿಗೂ ವಿವರಿಸಬೇಕಿಲ್ಲ, ಕೈ ಏನು ಮಾಡಬೇಕು ಅಂತ ಪದವೇ ಹೇಳುತ್ತದೆ. ಎರಡು ಮೂರು ತಂತಿಗಳನ್ನಷ್ಟೇ ಒತ್ತುವುದಕ್ಕೆ ‘ಅರೆ ಅಡ್ಡಬೆರಳು’ ಅನ್ನಬಹುದು. ಸಿ ಶಾರ್ಪ್ ಹಿಡಿಯುವಾಗ ಉಂಗುರಬೆರಳು ಆರನೇ ಫ್ರೆಟ್ಟಿನಲ್ಲಿ ಮಾಡುವುದು ಇದನ್ನೇ.

ಇನ್ನೊಂದು ಗಂಟು ಉಳಿದಿದೆ. ಫ್ರೆಟ್ಟಿಗೆ ವೀಣೆಯವರ ‘ಮೆಟ್ಟಿಲು’ ಸಿದ್ಧವಾಗಿದೆ, ಅದನ್ನೇ ತೆಗೆದುಕೊಳ್ಳೋಣ. ಆದರೆ ಬೆರಳು ಕೂರುವುದು ಮೆಟ್ಟಿಲಿನ ಮೇಲಲ್ಲ, ಎರಡು ಮೆಟ್ಟಿಲುಗಳ ನಡುವೆ. ಆ ಜಾಗಕ್ಕೆ ಚೌಕಾಬಾರದ ಹಾಗೆ ‘ಮನೆ’ ಅನ್ನುತ್ತಿದ್ದೆ. ಈಗ “ಒಂದೂವರೆ ಮನೆಯ ಹಾಡಿಗೆ ನಾಲ್ಕನೇ ಮನೆಯಲ್ಲಿ ಅಡ್ಡಬೆರಳು” ಅಂದರೆ ಎರಡು ಮನೆಗಳೂ ಗೋಜಲಾಗುತ್ತವೆ. ಶ್ರುತಿಯ ಮನೆ ಹಳೆಯದು, ಅದನ್ನು ಬಿಡುವ ಹಾಗಿಲ್ಲ.

ಹಾಗಾಗಿ ಎರಡು ಪ್ರಶ್ನೆ. ಮೆಟ್ಟಿಲುಗಳ ನಡುವಿನ ಆ ಜಾಗಕ್ಕೆ ವೀಣೆ ನುಡಿಸುವವರ ಬಾಯಲ್ಲಿ ಬೇರೆ ಹೆಸರು ಇದೆಯೇ? ಮಂಗಳೂರಿನ ಕಡೆ ಚರ್ಚ್ ಕೊಯರ್‌ಗಳಲ್ಲಿ ಗಿಟಾರ್ ಹಿಡಿದು ಬೆಳೆದವರು, ಧಾರವಾಡದಲ್ಲಿ ಸಿತಾರಿನ ಜೊತೆ ಗಿಟಾರನ್ನೂ ಮುಟ್ಟಿದವರು ಇದ್ದರೆ, ಮನೆಮಾತಿನಲ್ಲಿ ಬಾರ್‌ಗೆ ಏನನ್ನುತ್ತೀರಿ? ಕೊಂಕಣಿ, ತುಳು ಪದವಾದರೂ ಸರಿ, ಬರೆಯಿರಿ. ಮುಂದಿನ ಭಾನುವಾರ ಅದೇ ಹಾಡು ಇದೆ.