ಒಂದೇ ಒಂದು ತೊಟ್ಟು

ಒಗ್ಗರಣೆ ಮಂಡಕ್ಕಿ ಮೇಜಿಗೆ ಬಂದೊಡನೆ ಓಬಳೇಶನು ಜೇಬಿನಿಂದ ಗಾಜಿನ ಸ್ಲೈಡು ತೆಗೆದುದನ್ನು ಕಂಡು ತಿಪ್ಪೇಸ್ವಾಮಿಯು ತನ್ನ ತಟ್ಟೆಯನ್ನು ಎರಡೂ ಕೈಗಳಿಂದ ಮುಚ್ಚಿಕೊಂಡನು.

“ಒಂದು ಚೂರು ಈರುಳ್ಳಿ ಕೊಡಪ್ಪ. ಅದರ ಒಳಪೊರೆಯನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಜೀವಕೋಶಗಳು ಇಟ್ಟಿಗೆ ಗೋಡೆಯಂತೆ ಕಾಣುತ್ತವೆ.”

“ತಲೆಯೆತ್ತಿದರೆ ಏಳುಸುತ್ತಿನ ಕೋಟೆ ಕಾಣುವ ಚಿತ್ರದುರ್ಗದಲ್ಲಿ ಗೋಡೆ ನೋಡಲು ನನ್ನ ಈರುಳ್ಳಿಯೇ ಬೇಕೇನು? ಮೊನ್ನೆ ಮಜ್ಜಿಗೆ ಒಂದು ತೊಟ್ಟು, ನಿನ್ನೆ ತೀರ್ಥ ಒಂದು ತೊಟ್ಟು! ನೀನು ಈ ಯಂತ್ರ ಕೊಂಡ ಮೇಲೆ ನಿನ್ನ ಮನೆಯಲ್ಲಿ ಯಾರೂ ಧೈರ್ಯವಾಗಿ ಒಂದು ಲೋಟ ನೀರು ಕುಡಿದಿಲ್ಲ.”

“ಸಂತೆಹೊಂಡದ ನೀರಿನಲ್ಲಿ ಪ್ಯಾರಾಮೀಸಿಯಂ ಎಂಬ ಒಂದೇ ಕೋಶದ ಜೀವಿಯನ್ನು ಕಂಡೆ. ಥೇಟ್ ಚಪ್ಪಲಿಯ ಆಕಾರ.”

“ಹೊಂಡದಲ್ಲಿ ಚಪ್ಪಲಿ ತೇಲುವುದನ್ನು ನೋಡಲು ನಮಗೆ ಬರಿಗಣ್ಣೇ ಸಾಕಾಗಿದೆ.”

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. “ಹಾಗೆ ಹೀಗಳೆಯಬೇಡ ತಿಪ್ಪೇಸ್ವಾಮಿ. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಲೇವನ್‌ಹುಕ್ ಎಂಬ ಜವಳಿ ವ್ಯಾಪಾರಿ 1683ರಲ್ಲಿ ತನ್ನ ಹಲ್ಲಿನ ಪಾಚಿಯನ್ನೇ ಕೆರೆದು ನೋಡಿ, ಅದರಲ್ಲಿ ಓಡಾಡುವ ಜೀವಿಗಳ ಬಗ್ಗೆ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದನು.”

“ಅವನು ಕೆರೆದದ್ದು ತನ್ನ ಹಲ್ಲನ್ನು ಮೇಷ್ಟ್ರೇ, ಮಗಳನ್ನು ನೋಡಲು ಬಂದ ಬೀಗರ ಹಲ್ಲನ್ನಲ್ಲ.”

ಆ ಸಂಬಂಧ ಮುರಿದುಬಿದ್ದ ಸಂಗತಿ ಎಲ್ಲರಿಗೂ ಗೊತ್ತಿದ್ದುದರಿಂದ ಓಬಳೇಶನು ಮೆಣಸಿನಕಾಯಿ ಬಜ್ಜಿಯ ತೊಟ್ಟು ಮುರಿಯುತ್ತ ಕುಳಿತನು. ಮೇಷ್ಟ್ರು ಮಾತ್ರ ಪಾಠ ನಿಲ್ಲಿಸಲಿಲ್ಲ. “ಅದೇ ಪುಣ್ಯಾತ್ಮನು 1702ರಲ್ಲಿ, ಸೂರಿನ ದೋಣಿಯಲ್ಲಿ ಒಣಗಿ ಧೂಳಾಗಿದ್ದ ಕೆಸರಿಗೆ ನೀರು ಬಿಟ್ಟು ನೋಡಿದನು. ಒಂದು ತಾಸಿನೊಳಗೆ ಅದರಲ್ಲಿ ರೋಟಿಫರ್ ಎಂಬ ಸೂಕ್ಷ್ಮಜೀವಿಗಳು ಓಡಾಡತೊಡಗಿದವು. ಅವುಗಳ ತಲೆಯ ಮೇಲಿನ ರೋಮಗಳ ಬಡಿತವು ತಿರುಗುವ ಗಾಲಿಯಂತೆ ಕಾಣುತ್ತದೆ.”

ತಿಪ್ಪೇಸ್ವಾಮಿಯ ಕೈ ತಟ್ಟೆಯಿಂದ ಸರಿಯಿತು. “ಪೂರ್ತಿ ಒಣಗಿದ್ದವೇ?”

“ಪೂರ್ತಿ.”

ಮರುದಿನ ಅವನು ಬೆಂಕಿಪೊಟ್ಟಣದಲ್ಲಿ ಒಂದು ಚಿಟಿಕೆ ಮಣ್ಣು ತಂದನು. ಅದು ಅವನು ಹುಡುಗನಾಗಿದ್ದಾಗ ಎಮ್ಮೆಯ ಬಾಲ ಹಿಡಿದು ಈಜು ಕಲಿತ, ಈಗ ಬಳ್ಳಾರಿ ಜಾಲಿ ಬೆಳೆದು ಏರಿ ಯಾವುದು ಅಂಗಳ ಯಾವುದು ಎಂದು ತಿಳಿಯದಂತಾಗಿರುವ ಅವನೂರಿನ ಕೆರೆಯ ಮಣ್ಣು. ಓಬಳೇಶನು ಏನನ್ನೂ ಕೇಳದೆ ನೀರು ಬಿಟ್ಟನು. ಮೂರನೆಯ ಚಹಾ ಮುಗಿಯುವ ಹೊತ್ತಿಗೆ ಮಸೂರಕ್ಕೆ ಕಣ್ಣಿಟ್ಟ ತಿಪ್ಪೇಸ್ವಾಮಿಯು ಮತ್ತೆ ತಲೆಯೆತ್ತಲಿಲ್ಲ.

“ನನಗೂ ಸ್ವಲ್ಪ ಬಿಡಪ್ಪ,” ಎಂದನು ಓಬಳೇಶ.

“ಸುಮ್ಮನಿರು, ನಮ್ಮೂರಿನವರು ಬಂದಿದ್ದಾರೆ. ಅಂಚಿನಲ್ಲಿ ನೀರು ಆರುತ್ತಿದೆ ನೋಡು. ಒಂದೇ ಒಂದು ತೊಟ್ಟು ಬಿಡೋ, ಬೇಗ.”