ಅಪ್‌ಡೇಟ್: ಜೈಲಿನಲ್ಲಿರುವ ಅಣ್ಣನ ವಿಮೆ ಉಳಿಯಿತು

ಅಣ್ಣ ಜೈಲಿಗೆ ಹೋದ ಮೇಲೆ ಅವನ ಜೀವ ವಿಮೆ ರದ್ದಾಗುತ್ತದೆಯೇ ಎಂದು ಕೇಳಿದ್ದೆ. ಶಿಕ್ಷೆಯಾದ ಮಾತ್ರಕ್ಕೆ ಪಾಲಿಸಿ ರದ್ದಾಗಿರಲಿಲ್ಲ. ಕಂತು ಕಟ್ಟದೆ ನಿಂತುಹೋಗಿತ್ತು, ಅಷ್ಟೇ. ಬಾಕಿಯನ್ನು ಬಡ್ಡಿ ಸಮೇತ ನಾನೇ ಕಟ್ಟಿದೆ. ವಿಮಾ ಕಂಪನಿಯವರು ದುಡ್ಡನ್ನು ನನ್ನಿಂದ ತೆಗೆದುಕೊಂಡರು, ಆದರೆ ಪಾಲಿಸಿಗೆ ಮತ್ತೆ ಜೀವ ಕೊಡುವ ಅರ್ಜಿಗೂ ಆರೋಗ್ಯದ ಘೋಷಣೆಗೂ ಅಣ್ಣನದೇ ಸಹಿ ಬೇಕೆಂದರು. ಅಲ್ಲಿಯೇ ಎರಡು ತಿಂಗಳು ಕಳೆಯಿತು. ಮೊದಲ ಅರ್ಜಿ ವಾಪಸ್ ಬಂತು: ಸಹಿ ಇತ್ತು, ಜೈಲು ಅಧೀಕ್ಷಕರ ಮೊಹರು ಇರಲಿಲ್ಲ. ಎರಡನೆಯದರಲ್ಲಿ ಮೊಹರಿನ ಅರ್ಧ ಅಕ್ಷರಗಳು ಮಸುಕಾಗಿದ್ದವು, ಪುಣ್ಯಕ್ಕೆ ಒಪ್ಪಿಕೊಂಡರು. ಎರಡನೇ ಸಹಿಗೆ ಜೈಲಿಗೆ ಹೋದಾಗಲೇ, ಅಣ್ಣನ ಪರವಾಗಿ ವ್ಯವಹರಿಸಲು ಅತ್ತಿಗೆಯ ಹೆಸರಿಗೆ ಅಧಿಕಾರ ಪತ್ರವನ್ನೂ ಬರೆಸಿಕೊಂಡೆವು. ಈ ಬುದ್ಧಿ ಮೊದಲೇ ಬರಬೇಕಿತ್ತು. ಮಕ್ಕಳ ವಿದ್ಯಾರ್ಥಿವೇತನ ಮಾತ್ರ ಇನ್ನೂ ಬಂದಿಲ್ಲ. ಜೈಲಿನಲ್ಲಿರುವ ತಂದೆಯ ಆದಾಯಕ್ಕೆ ಪುರಾವೆ ಕೇಳುತ್ತಿದ್ದಾರೆ!