ಅಪ್‌ಡೇಟ್: ರೂಟ್ ಮಾಡದೆಯೇ ಫೋನಿನ ಜಾಹೀರಾತುಗಳು ಬಹುಮಟ್ಟಿಗೆ ನಿಂತವು

ಕಂಪನಿಯೇ ತುಂಬಿಸಿಕೊಟ್ಟ ಆ್ಯಪ್‌ಗಳ ಜಾಹೀರಾತು ಮತ್ತು ಬೇಹುಗಾರಿಕೆಯನ್ನು ರೂಟ್ ಮಾಡದೆ (ಅಂದರೆ ಫೋನಿನ ವ್ಯವಸ್ಥೆಯ ಮೇಲೆ ಪೂರ್ಣ ಹಿಡಿತ ಪಡೆಯದೆ) ತಡೆಯುವುದು ಹೇಗೆಂದು ಹೋದ ವಾರ ಕೇಳಿದ್ದೆ. ನಿಮ್ಮ ಸಲಹೆಗಳಲ್ಲಿ ಹೆಚ್ಚು ಫಲ ಕೊಟ್ಟದ್ದು ಪ್ರೈವೇಟ್ ಡಿಎನ್‌ಎಸ್ (ಡಿಎನ್‌ಎಸ್ ಅಂದರೆ ಜಾಲತಾಣದ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಸೇವೆ): ಆಂಡ್ರಾಯ್ಡ್ 9ರಿಂದಲೂ ಇರುವ ಈ ಸೆಟ್ಟಿಂಗ್‌ನಲ್ಲಿ ಜಾಹೀರಾತು ತಡೆಯುವ ಸರ್ವರ್‌ನ ಹೆಸರನ್ನು ತುಂಬಿದ ಮೇಲೆ, ಬೇರಾವ ಆ್ಯಪ್ ಹಾಕದೆಯೇ, ವೈಫೈ ಮತ್ತು ಮೊಬೈಲ್ ಡೇಟಾ ಎರಡರಲ್ಲೂ ಬಹುಪಾಲು ಜಾಹೀರಾತುಗಳು ನಿಂತವು. ಯೂಟ್ಯೂಬ್‌ನವು ಮಾತ್ರ ಹಾಗೆಯೇ ಉಳಿದಿವೆ.

ಆ್ಯಪ್‌ಗಳನ್ನು ಡಿಸೇಬಲ್ ಮಾಡುವ ಸಲಹೆ ನನ್ನ ಫೋನಿನಲ್ಲಿ ನಡೆಯಲಿಲ್ಲ, ಆ ಬಟನ್ ಒತ್ತಲೇ ಬರುತ್ತಿರಲಿಲ್ಲ. ಕೊನೆಗೆ ಫೋನನ್ನು ಕಂಪ್ಯೂಟರ್‌ಗೆ ಜೋಡಿಸಿ, ಅಲ್ಲಿಂದ ಫೋನಿಗೆ ಆದೇಶ ಕೊಡುವ ಎಡಿಬಿ ಎಂಬ ಸಾಧನದಿಂದ ಅವನ್ನು ತೆಗೆದೆ. ಫ್ಯಾಕ್ಟರಿ ರೀಸೆಟ್ ಮಾಡಿದರೆ ಅವು ಮರಳುತ್ತವೆ ಎಂಬುದು ನೆನಪಿರಲಿ.

ನನಗೆ ನಿಜಕ್ಕೂ ಆತಂಕ ತಂದದ್ದು ಆಂಡ್ರಾಯ್ಡ್ 12ರಲ್ಲಿ ಬಂದ, ಯಾವ ಆ್ಯಪ್ ಯಾವಾಗ ಸ್ಥಳ, ಕ್ಯಾಮೆರಾ, ಮೈಕ್ ಬಳಸಿತೆಂದು ತೋರಿಸುವ ಪ್ರೈವಸಿ ಡ್ಯಾಶ್‌ಬೋರ್ಡ್‌ನಲ್ಲಿ ಕಂಡದ್ದು. ನಾನು ತೆರೆಯದೇ ಇದ್ದ ಹವಾಮಾನದ ಆ್ಯಪ್ ಒಂದೇ ದಿನದಲ್ಲಿ ಹಲವು ಬಾರಿ ನನ್ನ ಸ್ಥಳವನ್ನು ನೋಡಿತ್ತು. ಈಗ ಅದಕ್ಕೆ ಬಳಸುವಾಗ ಮಾತ್ರ, ಅದೂ ಅಂದಾಜು ಸ್ಥಳಕ್ಕಷ್ಟೇ ಅನುಮತಿ ಕೊಟ್ಟಿದ್ದೇನೆ. ಮಳೆಯ ಮುನ್ಸೂಚನೆ ಮೊದಲಿನಂತೆಯೇ ಸಿಗುತ್ತಿದೆ.